ಕ್ಲಾಸ್ ಕೇಳಬೇಡಿ, ಚೀಲದಲ್ಲಿ ಏನಿದೆ ಕೇಳಿ

ಹಾಸ್ಟೆಲ್ ರೂಮಲ್ಲಿ ಮೊದಲ ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ಕೂತ ದಿನ ನಡೆದಿದ್ದನ್ನ ಮೊದಲು ಹೇಳಿಬಿಡ್ತೀವಿ. ನಾವು ಐದು ಜನ. ಇಬ್ಬರು ಬೆಂಗಳೂರಿನವರು, ಒಬ್ಬ ಬಳ್ಳಾರಿಯವನೇ, ಒಬ್ಬ ಕುರುಗೋಡಿನವನು, ಇನ್ನೊಬ್ಬ ಸಿರುಗುಪ್ಪದವನು. ಆಟ ನಡೆಸೋ ಗೆಳೆಯ ಎಲ್ಲರಿಗೂ ಒಂದೊಂದು ಕ್ಯಾರೆಕ್ಟರ್ ಶೀಟ್ ಹಂಚಿ, ಸಿರುಗುಪ್ಪದವನ ಕಡೆ ತಿರುಗಿ ಕೇಳಿದ: “ನಿನ್ನ ಕ್ಲಾಸ್ ಯಾವುದು?”

“ಸೆಕೆಂಡ್ ಇಯರ್, ಇಸಿ, ಬಿ ಸೆಕ್ಷನ್,” ಅಂದ ಅವನು.

ನಾವು ನಕ್ಕೆವು. ಸಣ್ಣಗೆ ಅಲ್ಲ, ಪಕ್ಕದ ರೂಮಿನವರು ಬಂದು ಏನಾಯ್ತು ಅಂತ ಕೇಳೋ ಅಷ್ಟು. ಅವನೂ ನಕ್ಕ. ಆಮೇಲೆ ಎರಡು ಗಂಟೆ ಆಟದಲ್ಲಿ ಅವನು ಬಾಯಿ ಬಿಡಲಿಲ್ಲ. ಅವನ ಸರದಿ ಬಂದಾಗಲೆಲ್ಲ “ಹೊಡೀತೀನಿ” ಅಂತ ದಾಳ ಹಾಕಿದ. ಅವನಿಗೆ ಫೈಟರ್ ಅಂತ ನಾವೇ ಬರ್ಕೊಟ್ಟಿದ್ವಿ, ಯಾಕಂದ್ರೆ “ಅದು ಸಿಂಪಲ್”. ಮುಂದಿನ ಶನಿವಾರ ಅವನಿಗೆ ತಲೆನೋವು, ಅದರ ಮುಂದಿನ ಶನಿವಾರ ಲ್ಯಾಬ್ ರೆಕಾರ್ಡ್.

(ಈ ಲೇಖನದಲ್ಲಿ ‘ನಾವು’ ಅಂದ್ರೆ ಅವನೂ ಸೇರಿ. ಓದಿ ಎರಡು ಕಡೆ ತಿದ್ದಿದ್ದಾನೆ. “ತಲೆನೋವು ಖರೇನೇ ಇತ್ತು” ಅಂತ ಬರೀರಿ ಅಂದ. ಬರೆದಿದ್ದೀವಿ. ಯಾರೂ ನಂಬಬೇಡಿ.)

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೆ ಸ್ಕ್ರೀನ್ ಇಲ್ಲದ ಆಟ. ಒಬ್ಬರು ಕತೆ ನಡೆಸ್ತಾರೆ, ಅವರಿಗೆ ಗೇಮ್ ಮಾಸ್ಟರ್ ಅಂತಾರೆ. ಉಳಿದವರು ಒಂದೊಂದು ಪಾತ್ರ ಆಗಿ, “ನಾನು ಬಾಗಿಲಿಗೆ ಕಿವಿಗೊಟ್ಟು ಕೇಳ್ತೀನಿ” ಅಂತ ಹೇಳ್ತಾ ಹೋಗ್ತಾರೆ. ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ ದಾಳ ಹೇಳುತ್ತೆ. ಸ್ಟ್ರೇಂಜರ್ ಥಿಂಗ್ಸ್ ನೋಡಿದವರು ಆ ಹುಡುಗರು ಬೇಸ್‌ಮೆಂಟ್‌ನಲ್ಲಿ ಕೂತು ಕೂಗಾಡೋದನ್ನ ನೋಡಿರ್ತೀರಿ, ಅದೇ. ಬಾಲ್ಡರ್ಸ್ ಗೇಟ್ 3 ಆಡಿದವರು ಅದರ ರೂಲ್ಸನ್ನ ಗೊತ್ತಿಲ್ಲದೇ ಕಲಿತಿರ್ತೀರಿ.

ಆ ಹಾಳೆಯ ಮೇಲೆ ಮೊದಲು ತುಂಬೋ ಖಾನೆ ‘ಕ್ಲಾಸ್’. ನೀನು ಯೋಧನೋ, ಮಾಂತ್ರಿಕನೋ, ಪೂಜಾರಿಯೋ, ಕಳ್ಳನೋ. ಅದನ್ನ ಆರಿಸಿದ ಕೂಡಲೇ ನೀನು ಯಾವ ಕತ್ತಿ ಹಿಡೀಬಹುದು, ಬೀಗ ತೆಗೆಯೋಕೆ ಬರುತ್ತಾ, ಎಷ್ಟು ಏಟು ತಡೀತೀಯ, ಮುಂದಿನ ಲೆವೆಲ್‌ನಲ್ಲಿ ಏನು ಸಿಗುತ್ತೆ, ಎಲ್ಲ ತೀರ್ಮಾನ ಆಗಿಬಿಡುತ್ತೆ. ಈ ಖಾನೆಯೇ ಇಲ್ಲದ ಆಟಗಳೂ ಇವೆ. ಹೊಸಬರ ಜೊತೆ, ಅದರಲ್ಲೂ ಕನ್ನಡದಲ್ಲಿ ಆಡೋದಾದ್ರೆ, ಅಂಥವನ್ನೇ ಆಡಬೇಕು ಅನ್ನೋದು ನಮ್ಮ ವಾದ. ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ನಾವು ಮಾಡಿದ ಒಂದು ಅನುವಾದ.

ಸಿರುಗುಪ್ಪದವನನ್ನ ವಾಪಸ್ ಕರೆಸಬೇಕಿತ್ತು. ಇಂಗ್ಲಿಷ್ ಶೀಟ್‌ನಿಂದ ಹಿಂಗಾಯ್ತು, ಕನ್ನಡ ಮಾಡಿಬಿಟ್ರೆ ಸರಿಹೋಗುತ್ತೆ ಅಂತ ನಮಗನಿಸ್ತು. ನಮ್ಮಲ್ಲಿ ಮೂರು ಜನ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್, ಹತ್ತನೇ ಕ್ಲಾಸಿಗೆ ನೂರಕ್ಕೆ ತೊಂಬತ್ತೈದು, ಆದ್ರೆ ಒಂದು ಪ್ಯಾರಾ ಟೈಪ್ ಮಾಡು ಅಂದ್ರೆ ಬೆವರು. ಡಿಕ್ಷನರಿ ಹಿಡ್ಕೊಂಡು ಒಂದು ರಾತ್ರಿ ಕೂತ್ವಿ. ಸ್ಟ್ರೆಂತ್‌ಗೆ ತಾಕತ್ತು. ಡೆಕ್ಸ್‌ಟೆರಿಟಿಗೆ ಚುರುಕು. ಇಷ್ಟು ಸಲೀಸಾಗಿ ಬಂತು. ರೇಸ್ ಅನ್ನೋ ಖಾನೆಗೆ ‘ಕುಲ’ ಅಂತ ಹಾಕಿದ್ವಿ, ಎಲ್ಫು, ಡ್ವಾರ್ಫು ಇವೆಲ್ಲ ಕುಲಗಳು ತಾನೆ? ಕ್ಲಾಸ್‌ಗೆ ‘ವರ್ಗ’. ಪ್ರಿಂಟ್ ತೆಗೆದು ಕುರುಗೋಡಿನವನ ಕೈಗೆ ಕೊಟ್ವಿ, ಜೋರಾಗಿ ಓದು ಅಂತ.

“ಹೆಸರು. ಕುಲ. ವರ್ಗ,” ಅಂತ ಓದಿ ನಿಲ್ಲಿಸಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಅಂದ, “ಇದು ಸ್ಕಾಲರ್‌ಶಿಪ್ ಅರ್ಜಿ ಆತಲ್ಲೋ. ಆರ್‌ಡಿ ನಂಬರ್ ಎಲ್ಲಿ ಬರೀಬೇಕು?”

ಈ ಸಲ ನಕ್ಕಿದ್ದು ಬೇರೆ ಥರ. ಸಿಇಟಿ ಅರ್ಜಿ ತುಂಬಿದ ಎಲ್ಲರಿಗೂ ಪ್ರವರ್ಗ 1, 2ಎ, 3ಬಿ ಇವೆಲ್ಲ ಬಾಯಿಪಾಠ. ತಪ್ಪು ತಿಳ್ಕೋಬೇಡಿ, ಆ ಅರ್ಜಿಯಲ್ಲಿ ಆ ಪ್ರಶ್ನೆ ಇರಲೇಬೇಕು. ತಲೆಮಾರುಗಟ್ಟಲೆ ಬಾಗಿಲು ಮುಚ್ಚಿದ್ದಕ್ಕೆ ಈಗ ಬಾಗಿಲು ತೆಗೆಯೋ ಲೆಕ್ಕ ಅದು. ನಾವು ಕೇಳ್ತಿರೋದು ಇನ್ನೊಂದು. ಊರಿಗೆ ಹೋಗೋ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರು ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಓಣಿ ಕೇಳ್ತಾರೆ, ಅಪ್ಪನ ಹೆಸರು ಕೇಳ್ತಾರೆ, ಕೊನೆಗೆ ತಡೀಲಾರದೆ “ನಿಮ್ದು ಯಾವ ಮಂದಿ?” ಅಂತಾರೆ. ಅದನ್ನ ಬಿಟ್ಟು ಹೋಗಬಹುದಾದ ಒಂದೇ ಜಾಗ ಅಂದ್ರೆ ಆಟ. ಅಲ್ಲೂ ಹಾಳೆಯ ಮೊದಲ ಎರಡು ಗೆರೆಯಲ್ಲಿ ಅದೇ ಪ್ರಶ್ನೆ ಯಾಕೆ? ಇಂಗ್ಲಿಷಲ್ಲಿ ಓದುವಾಗ ನಮಗೆ ಒಂದು ದಿನವೂ ಹಂಗನಿಸಿರಲಿಲ್ಲ. ಕನ್ನಡಕ್ಕೆ ತಂದ ಕೂಡಲೇ ಕಾಣಿಸ್ತು.

ಇದು ಬರೀ ಪದದ ಕಾಕತಾಳೀಯ ಅಂತ ಆಮೇಲೆ ನಮ್ಮಲ್ಲೇ ಒಬ್ಬ ವಾದ ಮಾಡಿದ. ಆದ್ರೆ ಆಟದ ಇತಿಹಾಸ ನೋಡಿದ್ರೆ ಅಷ್ಟು ಸುಲಭವಾಗಿ ತಪ್ಪಿಸ್ಕೊಳ್ಳೋಕೆ ಆಗಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ ಮೊದಲ ಡಿ ಅಂಡ್ ಡಿಯಲ್ಲಿ ಇದ್ದಿದ್ದು ಮೂರೇ ಕ್ಲಾಸ್: ಕಾದಾಡೋನು, ಮಾಟ ಮಾಡೋನು, ಪೂಜೆ ಮಾಡೋನು. ಕಳ್ಳ ಬಂದಿದ್ದು ಮರುವರ್ಷ, ಗ್ರೇಹಾಕ್ ಅನ್ನೋ ಪುರವಣಿಯಲ್ಲಿ. 1981ರ ಬೇಸಿಕ್ ಸೆಟ್‌ಗೆ ಬಂದ್ರೆ ಇನ್ನೂ ಮಜಾ ಇದೆ. ಅದರಲ್ಲಿ ಮನುಷ್ಯರಿಗೆ ಮಾತ್ರ ಕಸುಬು ಆರಿಸೋ ಅವಕಾಶ. ಡ್ವಾರ್ಫ್ ಆಗಿ ಹುಟ್ಟಿದ್ರೆ ನಿನ್ನ ಕ್ಲಾಸೂ ‘ಡ್ವಾರ್ಫ್’. ಹುಟ್ಟೇ ಕಸುಬು! ಅಷ್ಟೇ ಅಲ್ಲ, ಲೆವೆಲ್‌ಗೂ ಬೇಲಿ. ಡ್ವಾರ್ಫ್ 12ಕ್ಕೆ ನಿಲ್ಲಬೇಕು, ಎಲ್ಫ್ 10ಕ್ಕೆ, ಹಾಫ್ಲಿಂಗ್ 8ಕ್ಕೆ. ಎಷ್ಟೇ ಚೆನ್ನಾಗಿ ಆಡು, ಆ ಗೆರೆ ದಾಟೋ ಹಂಗಿಲ್ಲ. ಈ ನಿಯಮವನ್ನ ಕುರುಗೋಡಿನವನಿಗೆ ಹೇಳಿದಾಗ, “ಅಮೆರಿಕದಾಗೂ ನಮ್ಮ ಊರಿನ ಕಟ್ಟೆ ಮಂದಿ ಹೋಗಿದ್ರೇನು?” ಅಂದ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಆ ಬೇಲಿಗಳನ್ನ ತೆಗೆದ್ರು. 2024ರ ಹೊಸ ಪುಸ್ತಕದಲ್ಲಿ ರೇಸ್ ಅನ್ನೋ ಪದವನ್ನೇ ಬಿಟ್ಟು ಸ್ಪೀಷೀಸ್ ಅಂತ ಬರೆದ್ರು. ಅಂದ್ರೆ ಆ ಖಾನೆ ಚುಚ್ಚುತ್ತೆ ಅಂತ ಅವರಿಗೂ ಗೊತ್ತಾಗಿದೆ. ಕ್ಲಾಸ್ ಮಾತ್ರ ಹಂಗೇ ಇದೆ.

ಹಾಗಂತ ಕ್ಲಾಸ್ ಇಲ್ಲದ ಆಟ ಹೊಸದೇನಲ್ಲ. 1977ರ ಟ್ರಾವೆಲರ್‌ನಲ್ಲಿ ನಿನ್ನ ಪಾತ್ರಕ್ಕೆ ಹಿಂದಿನ ಜೀವನ ಇರುತ್ತೆ: ಸೈನ್ಯದಲ್ಲಿ ಇಷ್ಟು ವರ್ಷ, ವ್ಯಾಪಾರದಲ್ಲಿ ಇಷ್ಟು ವರ್ಷ, ಅಲ್ಲಲ್ಲಿ ಕಲಿತ ಕೆಲಸ. ಪಾತ್ರ ಕಟ್ಟೋವಾಗಲೇ, ಆಟ ಶುರುವಾಗೋ ಮೊದಲೇ, ಅದು ಸತ್ತುಹೋಗಬಹುದು. (ಫಸ್ಟ್ ಸೆಮ್ ನೆನಪಾಯ್ತಾ?) 1978ರ ರೂನ್‌ಕ್ವೆಸ್ಟ್‌ನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಕಲೀಬಹುದು, ಮಾಡಿ ಮಾಡಿ ಕಲೀಬೇಕು. ಒಂದು ಕೆಲಸ ಗೆದ್ದು ಬಂದ ಮೇಲೆ ನೂರರ ದಾಳ ಹಾಕ್ತೀಯ, ಈಗಿರೋ ಅಂಕಕ್ಕಿಂತ ಜಾಸ್ತಿ ಬಿದ್ರೆ ಮಾತ್ರ ಆ ಕೌಶಲ ಏರುತ್ತೆ. 20 ಇದ್ದೋನು ಬೇಗ ಏರ್ತಾನೆ, 80 ಇದ್ದೋನು ಒದ್ದಾಡ್ತಾನೆ. ನಿಜ ಜೀವನದಲ್ಲೂ ಹಂಗೇ ತಾನೆ? ಗಿಟಾರ್‌ನಲ್ಲಿ ಮೊದಲ ಮೂರು ಕಾರ್ಡ್ ವಾರದಲ್ಲಿ ಬರುತ್ತೆ, ಆಮೇಲೆ ವರ್ಷವಾದ್ರೂ ಅಲ್ಲೇ. 1986ರಲ್ಲಿ ಬಂದ ಗರ್ಪ್ಸ್‌ನಲ್ಲಿ ಕೈಗೆ ಪಾಯಿಂಟ್ ಕೊಡ್ತಾರೆ, ಅಂಗಡಿಯಲ್ಲಿ ಸಾಮಾನು ಕೊಂಡ ಹಂಗೆ ಗುಣಗಳನ್ನ ಕೊಂಡ್ಕೋಬೇಕು. ಕಂಪ್ಯೂಟರ್ ಗೇಮ್ ಆಡೋರಿಗೆ ಇದೆಲ್ಲ ಗೊತ್ತಿರೋದೇ. ಸ್ಕೈರಿಮ್‌ನಲ್ಲಿ ಕ್ಲಾಸ್ ಕೇಳಲ್ಲ. ಎಲ್ಡನ್ ರಿಂಗ್ ಕೇಳುತ್ತೆ, ಆದ್ರೆ ‘ರೆಚ್’ ಅಂತ ಒಂದಿದೆ: ಲೆವೆಲ್ 1, ಎಲ್ಲದರಲ್ಲೂ ಹತ್ತು, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಬಟ್ಟೆಯೂ ನೆಟ್ಟಗಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಅದನ್ನ ಆರಿಸಿ ಆಡಿ ಮುಗಿಸಿದವನಿಗೆ ಇರೋ ಮರ್ಯಾದೆ ರ‍್ಯಾಂಕ್ ಹೋಲ್ಡರ್‌ಗೂ ಇಲ್ಲ.

ನಾವು ಮೊದಲು ಹೋಗಿದ್ದು ಪಾಯಿಂಟ್ ದಾರಿಗೆ, ಅಲ್ಲಿ ಮುಗ್ಗರಿಸಿದ್ವಿ. ಒಬ್ಬೊಬ್ಬರಿಗೆ ನೂರು ಪಾಯಿಂಟ್, ಏನು ಬೇಕಾದ್ರೂ ಆಗು ಅಂದ್ವಿ. ನಾಲ್ಕು ಗಂಟೆ ಬರೀ ಪಾತ್ರ ಕಟ್ಟಿದ್ದೇ ಆಯ್ತು, ಆಟ ಶುರುವೇ ಆಗಲಿಲ್ಲ. ಗರ್ಪ್ಸ್‌ನಲ್ಲಿ ಕೊರತೆಗಳನ್ನ ತಗೊಂಡ್ರೆ ಪಾಯಿಂಟ್ ವಾಪಸ್ ಸಿಗುತ್ತೆ. ಬೆಂಗಳೂರಿನ ನಮ್ಮೊಬ್ಬ, ರೂಲ್‌ಬುಕ್ ಮೊದಲೇ ಅರೆದು ಕುಡಿದವನು, ಒಂದು ಕಣ್ಣಿಲ್ಲ, ಸಿಟ್ಟು ತಡೆಯಕ್ಕಾಗಲ್ಲ, ಸಾಲ ಇದೆ ಅಂತೆಲ್ಲ ಬರ್ಕೊಂಡು ಪಾಯಿಂಟ್ ಕೂಡಿಸಿ, ಕತ್ತಿಗೆ ಸುರಿದು, ಯಾರೂ ಮುಟ್ಟಲಾಗದ ಒಂದು ರಾಕ್ಷಸನ್ನ ಮಾಡ್ಕೊಂಡ. ಸಿರುಗುಪ್ಪದವನು ಅವತ್ತು ಬಂದಿದ್ದ, ಪಾಪ. ಎಲ್ಲದಕ್ಕೂ ಹತ್ತತ್ತು ಪಾಯಿಂಟ್ ಹಂಚಿ ಹಾಳೆ ಕೊಟ್ಟು, “ಇನ್ಕಮ್ ಟ್ಯಾಕ್ಸ್ ಫಾರ್ಮ್ ತುಂಬಿದ ಹಂಗಾತು” ಅಂತ ಮಲಗೋಕೆ ಹೋದ.

ಇದನ್ನ ಮುಚ್ಚಿಡೋದು ಸರಿಯಲ್ಲ. ಕ್ಲಾಸ್ ತೆಗೆದ ತಕ್ಷಣ ಎಲ್ಲರೂ ಸಮ ಆಗಿಬಿಡಲ್ಲ. ಪುಸ್ತಕ ಓದಿದೋನು ಗೆಲ್ತಾನೆ, ಓದದೇ ಇರೋನು ನೋಡ್ತಾ ಕೂರ್ತಾನೆ. ಓಪನ್ ಎಲೆಕ್ಟಿವ್ ಥರನೇ: ಯಾವುದು ಬೇಕಾದ್ರೂ ತಗೋಬಹುದು ಅಂತಾರೆ, ಯಾವುದು ತಗೊಂಡ್ರೆ ಒಳ್ಳೇದು ಅನ್ನೋದು ಸೀನಿಯರ್ಸ್ ಪರಿಚಯ ಇದ್ದೋರಿಗೆ ಮಾತ್ರ ಗೊತ್ತಿರುತ್ತೆ. ಕ್ಲಾಸ್ ಪರವಾಗಿ ಹೇಳೋರ ಮಾತಲ್ಲಿ ಹುರುಳಿದೆ. ಖಾಲಿ ಹಾಳೆ ಕೊಟ್ರೆ ಹೊಸಬ ಹೆದರ್ತಾನೆ, ‘ಕಳ್ಳ’ ಅಂತ ಕೊಟ್ರೆ ಏನು ಮಾಡಬೇಕು ಅಂತ ಅವನಿಗೆ ತಿಳಿಯುತ್ತೆ. ಪ್ರತಿಯೊಬ್ಬರಿಗೂ ಒಂದು ಕೆಲಸ ಅಂತ ಇರುತ್ತೆ, ಬೀಗ ಬಂದಾಗ ಎಲ್ಲರೂ ಕಳ್ಳನ ಕಡೆ ತಿರುಗ್ತಾರೆ. ಅವನ ಸರದಿಯನ್ನ ಬೇರೆ ಯಾರೂ ಕಿತ್ಕೊಳ್ಳಲ್ಲ. ಇದನ್ನ ಅಲ್ಲಗಳೆಯೋಕೆ ನಮ್ಮ ಹತ್ರ ಉತ್ತರ ಇರಲಿಲ್ಲ, ಸೆಮ್ ರಜೆಯಲ್ಲಿ ಸಿರುಗುಪ್ಪಕ್ಕೆ ಹೋಗೋವರೆಗೂ.

ಹೋಗಿದ್ದು ಆಟಕ್ಕಲ್ಲ, ಊಟಕ್ಕೆ. ಮೂರು ದಿನ ಇರ್ರಿ ಅಂದ್ರು ಅವರ ಅಮ್ಮ, ಇದ್ವಿ. ಬಳ್ಳಾರಿ ದಾಟಿ ಆ ಕಡೆ ಹೋದಂಗೆಲ್ಲ ಕಲ್ಲುಗುಡ್ಡದ ಜಾಗದಲ್ಲಿ ಭತ್ತದ ಗದ್ದೆ ಶುರುವಾಗುತ್ತೆ, ತುಂಗಭದ್ರೆ ಕಾಲುವೆಯ ನೀರು. ಊರಿಗೆ ಇಳಿದ್ರೆ ರೈಸ್ ಮಿಲ್‌ಗಳ ಸದ್ದು, ಗಾಳಿಯಲ್ಲಿ ತೌಡಿನ ವಾಸನೆ. ಗೆಳೆಯನ ಅಪ್ಪ ಒಂದು ಮಿಲ್‌ನಲ್ಲಿ ಹಮಾಲರು. ಈ ವಿಷಯ ಒಂದೂವರೆ ವರ್ಷ ಒಂದೇ ಹಾಸ್ಟೆಲ್‌ನಲ್ಲಿದ್ದ ನಮಗೆ ಗೊತ್ತಿರಲಿಲ್ಲ. ನಾವು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ನಮ್ಮ ಬ್ಯಾಗಲ್ಲಿ ಈ ಸಲ ಬೇರೆ ಆಟ ಇತ್ತು. ಹೆಸರು ಕೇರ್ನ್, ಬರೆದವರು ಯೋಹೈ ಗಾಲ್, 2020ರದ್ದು. ಸಣ್ಣ ಪುಸ್ತಕ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿದೆ. ಯಾರು ಬೇಕಾದ್ರೂ ಅನುವಾದ ಮಾಡಬಹುದು, ತಿದ್ದಬಹುದು, ಮೂಲ ಯಾರದ್ದು ಅಂತ ಹೇಳಿ ಅದೇ ಷರತ್ತಿನ ಮೇಲೆ ಹಂಚಬೇಕು ಅಷ್ಟೇ. ಅದರಲ್ಲಿ ಕ್ಲಾಸ್ ಇಲ್ಲ, ಲೆವೆಲ್ ಇಲ್ಲ, ಎಕ್ಸ್‌ಪಿ ಇಲ್ಲ. ಆರು ಮುಖದ ಮೂರು ದಾಳ ಹಾಕಿ ಮೂರು ಅಂಕ ಬರ್ಕೋಬೇಕು: ತಾಕತ್ತು, ಚುರುಕು, ಛಲ. ಏನಾದ್ರೂ ಅಪಾಯದ ಕೆಲಸ ಮಾಡಿದ್ರೆ ಇಪ್ಪತ್ತರ ದಾಳ ಹಾಕು, ನಿನ್ನ ಅಂಕ ಅಥವಾ ಅದಕ್ಕಿಂತ ಕಮ್ಮಿ ಬಿದ್ರೆ ಪಾರಾದೆ. (ಇಪ್ಪತ್ತು ಮುಖದ ದಾಳ ನಮ್ಮ ಹತ್ರ ಇರಲಿಲ್ಲ. ಒಂದರಿಂದ ಇಪ್ಪತ್ತು ಚೀಟಿ ಬರೆದು ಸ್ಟೀಲ್ ಚೊಂಬಿಗೆ ಹಾಕಿದ್ವಿ. ಪ್ರಾಬಬಿಲಿಟಿ ಒಂದೇ, ಚೀಟಿ ವಾಪಸ್ ಹಾಕೋದು ಮರೀಬೇಡಿ.) ಉಳಿದಿದ್ದೆಲ್ಲ ಚೀಲದಲ್ಲಿ. ಒಬ್ಬೊಬ್ಬರಿಗೆ ಹತ್ತು ಜಾಗ. ಹಗ್ಗ ಒಂದು ಜಾಗ, ಕಂದೀಲು ಒಂದು, ದೊಡ್ಡ ಸಾಮಾನು ಎರಡು. ನಿನ್ನ ಹತ್ರ ಏನಿದೆಯೋ ಅದೇ ನೀನು. ಮಂತ್ರದ ಪುಸ್ತಕ ಎತ್ಕೊಂಡ್ರೆ ಮಾಂತ್ರಿಕ, ಕೆಳಗಿಟ್ರೆ ಅಲ್ಲ. ನಮಗೆ ತುಂಬ ಹಿಡಿಸಿದ ನಿಯಮ ಇನ್ನೊಂದು: ದಣಿವು ಕೂಡ ಒಂದು ಜಾಗ ತಿನ್ನುತ್ತೆ. ಸುಸ್ತಾದ್ರೆ ಏನಾದ್ರೂ ಕೆಳಗಿಡಬೇಕು.

ಈ ನಿಯಮ ಓದಿದಾಗ ಗೆಳೆಯ ಮೊದಲ ಸಲ ಮುಂದೆ ಸರಿದು ಕೂತ. “ಇದು ಖರೇ ಐತಿ,” ಅಂದ. ಆಮೇಲೆ ಜಗಳ ಶುರು ಮಾಡಿದ. “ದೊಡ್ಡ ಸಾಮಾನಿಗೆ ಎರಡು ಜಾಗ ಅಂದ್ರ ಹೆಂಗ? ಎಲ್ಲಿ ಹೊತ್ಕೊಂತಿ ಅನ್ನೋದು ಕೇಳಬೇಕಲ್ಲ. ಐವತ್ತು ಕೇಜಿ ಚೀಲ ಕೈಯಾಗ ಹಿಡದ್ರ ಹತ್ತು ಹೆಜ್ಜಿ ಹೋಗಾಕಾಗಲ್ಲ. ಅದೇ ಬೆನ್ನಿನ ಮ್ಯಾಲೆ ಸರಿಯಾಗಿ ಕುಂತ್ರ ಲಾರಿ ತುಂಬೋತನ ಓಡಾಡ್ತಾರ.”

ಅವನೇ ಪೆನ್ಸಿಲ್ ತಗೊಂಡ. ಹತ್ತು ಜಾಗವನ್ನ ನಾಲ್ಕಾಗಿ ಒಡೆದ: ತಲೆ, ಬೆನ್ನು, ಸೊಂಟ, ಕೈ. ಕೈಯಲ್ಲಿರೋದನ್ನ ತಕ್ಷಣ ಉಪಯೋಗಿಸಬಹುದು, ಆದ್ರೆ ಓಡೋಕಾಗಲ್ಲ. ಸೊಂಟದ್ದು ಯಾವಾಗಲೂ ಸಿಗುತ್ತೆ, ಸಣ್ಣದಿರಬೇಕು. ಬೆನ್ನಿನದ್ದು ಇಳಿಸೋಕೆ ಒಂದು ಸರದಿ ಬೇಕು, ಏರಿಸೋಕೆ ಇನ್ನೊಬ್ಬರ ಸಹಾಯ ಬೇಕು. ತಲೆ ಮೇಲೆ ಒಂದೇ ಸಾಮಾನು, ಸಿಂಬಿ ಇದ್ರೆ ಎರಡು. ಸಿಂಬಿ ಅಂದ್ರೆ ಗೊತ್ತಲ್ಲ, ಹೊರೆ ಹೊರುವಾಗ ತಲೆ ಮೇಲೆ ಇಟ್ಕೊಳ್ಳೋ ಬಟ್ಟೆಯ ಸುರುಳಿ. ಕೇರ್ನ್‌ನ ಸಾಮಾನು ಪಟ್ಟಿಯಲ್ಲಿ ಅದಿಲ್ಲ. ನಮ್ಮ ಪಟ್ಟಿಯಲ್ಲಿ ಈಗ ಅದು ಎಲ್ಲಕ್ಕಿಂತ ಬೇಡಿಕೆಯ ವಸ್ತು, ಕತ್ತಿಗಿಂತ ಹೆಚ್ಚು.

ನಮ್ಮ ಹತ್ರ ಇಲ್ಲದ ಉತ್ತರ ಇದೇ ಇರಬೇಕು. ಖಾಲಿ ಹಾಳೆಗೆ ಹೊಸಬ ಹೆದರ್ತಾನೆ ಅಂತ ಹೇಳ್ತಾರಲ್ಲ, ಹೆದರೋದು ನಿಜ, ಹಾಳೆ ಅವನಿಗೆ ಗೊತ್ತಿಲ್ಲದ್ದನ್ನೇ ಕೇಳ್ತಾ ಇದ್ರೆ. ಪ್ಯಾಲಡಿನ್ನೋ ವಾರ್ಲಾಕೋ ಅಂದ್ರೆ ಅವನು ಏನು ಹೇಳ್ತಾನೆ? ಊರು ಬಿಟ್ಟು ಹೊರಟಿದ್ದೀಯ, ಹತ್ತು ಸಾಮಾನು ತಗೋ ಅಂದ್ರೆ ಯಾರಿಗೂ ಟ್ಯೂಷನ್ ಬೇಕಿಲ್ಲ. ಫೈಟರ್ ಅಂತ ಬರ್ಕೊಟ್ಟಾಗ ಎರಡು ಗಂಟೆಯಲ್ಲಿ ಹತ್ತು ಮಾತಾಡದವನು ಇಲ್ಲಿ ಆಟದ ನಿಯಮವನ್ನೇ ತಿದ್ದಿದ. ಅವನಿಗೆ ಸರಳ ಇರಲಿ ಅಂತ ನಾವು ಕೊಟ್ಟ ಕ್ಲಾಸ್, ಅವನಿಗೆ ಗೊತ್ತಿರೋ ಒಂದೇ ಒಂದು ವಿಷಯವನ್ನೂ ಕೇಳಿರಲಿಲ್ಲ.

ಎರಡನೇ ರಾತ್ರಿ ಆಟದ ಮಧ್ಯ ಅವನ ತಾತ ಬಂದು ಕೂತ್ರು. (ನಮ್ಮ ಕಡೆ ಅಜ್ಜನಿಗೆ ತಾತ ಅಂತಾರೆ. ಬೆಂಗಳೂರಿನವರು ಇದಕ್ಕೇ ಅರ್ಧ ಗಂಟೆ ತಗೊಂಡ್ರು, ಬಳ್ಳಾರಿ ಕಡೆಯವರೆಲ್ಲ ಅಜ್ಜ ಅಂತಾರೆ ಅಂದ್ಕೊಂಡಿದ್ರಂತೆ.) ಏನು ಆಟ ಅಂತ ಕೇಳಿದ್ರು. ಒಬ್ಬ ಕತೆ ನಡೆಸ್ತಾನೆ, ಉಳಿದವರು ಪಾತ್ರ ಆಗ್ತೀವಿ, ಮೊದಲು ಪಾತ್ರ ಯಾರು ಅಂತ ಅವನು ಕೇಳ್ತಾನೆ ಅಂತ ವಿವರಿಸಿದ್ವಿ. “ಸಾರಥಿ ಅನ್ರಿ,” ಅಂದ್ರು.

ನಮಗೆ ಅರ್ಥ ಆಗಲಿಲ್ಲ, ಅವರೇ ಹೇಳಿದ್ರು. ಬಯಲಾಟದಲ್ಲಿ, ನಮ್ಮ ಕಡೆ ದೊಡ್ಡಾಟ ಅಂತಾರಲ್ಲ ಅದರಲ್ಲಿ, ಒಂದು ಪಾತ್ರ ರಂಗಕ್ಕೆ ಬಂದು ಕುಣಿದು ನಿಂತ ಮೇಲೆ ಸಾರಥಿ ಅದನ್ನ ಮಾತಾಡಿಸ್ತಾನೆ: ತಾವು ಯಾರು, ಎಲ್ಲಿಂದ ಬಂದ್ರಿ, ಬಂದ ಕಾರಣ ಏನು. ಆಗ ಕಿರೀಟ, ಭುಜಕೀರ್ತಿ ಹಾಕಿರೋ ರಾಜ ತಾನು ಯಾರು ಅಂತ ಗರ್ಜಿಸಿ ಹೇಳ್ತಾನೆ. ಎಷ್ಟು ಹೇಳ್ತಾನೆ ಅನ್ನೋದು ಅವನ ಗಂಟಲಿಗೆ ಬಿಟ್ಟಿದ್ದು. ಎದುರಿಗಿದ್ದ ಜನಕ್ಕೆ ಅವನು ಯಾರು ಅಂತ ವೇಷ ನೋಡಿಯೇ ಗೊತ್ತಿರುತ್ತೆ, ಆದ್ರೂ ಕೇಳಬೇಕು, ಅವನು ಹೇಳಬೇಕು. ಮಜಾ ಅಂದ್ರೆ ಅವನೂ ‘ನಾವು’ ಅಂತಲೇ ಮಾತಾಡೋದು. ನಮ್ಮ ಈ ಲೇಖನದ ಥರ.

ಇಲ್ಲಿ ನಾವು ಸುಮ್ನೆ ಹಿಗ್ಗಿ, ನೋಡಿ ನಮ್ಮಲ್ಲಿ ಆರ್‌ಪಿಜಿ ಮೊದಲೇ ಇತ್ತು ಅಂತ ಬರೀಬಹುದಿತ್ತು. ಬರೆಯಲ್ಲ. ಬಯಲಾಟದಲ್ಲಿ ಮಾತು ಮೊದಲೇ ಕಲಿತದ್ದು, ಪಾತ್ರ ಮೊದಲೇ ಹಂಚಿದ್ದು, ತಿಂಗಳುಗಟ್ಟಲೆ ಮಾಸ್ತರು ಕಲಿಸಿದ್ದು. ದಾಳ ಹಾಕಿ ಕತೆ ತಿರುಗಿಸೋಕೆ ಬರಲ್ಲ. ಪಾತ್ರ ಹಂಚೋದಂತೂ ದೊಡ್ಡ ಕತೆ. “ತಾತ, ನೀವು ಯಾವ ಪಾತ್ರ ಮಾಡ್ತಿದ್ರಿ?” ಅಂತ ಕೇಳಿದ್ವಿ.

“ದೂತ,” ಅಂದ್ರು. “ಒಂದು ಸಲ ರಾಕ್ಷಸನ ಕಡಿಯಾಂವ. ಉಳದದ್ದೆಲ್ಲ ದೂತ.”

ರಾಜನ ಪಾತ್ರ ಯಾಕೆ ಮಾಡಲಿಲ್ಲ ಅಂದಿದ್ದಕ್ಕೆ, “ನನಗ ದನಿ ಇರಲಿಲ್ಲಪ್ಪ” ಅಂತ ನಕ್ಕು ಎದ್ದು ಹೋದ್ರು. ರಾತ್ರಿ ಮಾಳಿಗೆ ಮೇಲೆ ಮಲಗಿದ್ದಾಗ ಗೆಳೆಯ ಅಂದ: “ದನಿ ಇಲ್ಲ ಅಂತಾರ. ಎಮ್ಮಿ ಕರದ್ರ ಮೂರು ಓಣಿಗೆ ಕೇಳತೈತಿ.” ಅಷ್ಟೇ ಅಂದ. ಆ ಊರಲ್ಲಿ ಪಾತ್ರ ಹಂಚಿದ್ದು ದನಿ ನೋಡಿ ಅಲ್ಲ ಅಂತ ಅವನು ಬಾಯಿಬಿಟ್ಟು ಹೇಳಲಿಲ್ಲ. ನಾವೂ ಕೇಳಲಿಲ್ಲ, ಕೇಳದೇ ಗೊತ್ತಾಗೋ ವಿಷಯ ಅದು. ಆಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ. ಹಾಸ್ಟೆಲ್‌ನಲ್ಲಿ ನಾವು ಅವನಿಗೆ ಫೈಟರ್ ಅಂತ ಬರ್ಕೊಟ್ಟ ಹಾಳೆ ನೆನಪಾಗ್ತಿತ್ತು. ಇವನಿಗೆ ಇಷ್ಟು ಸಾಕು ಅಂತ ನಾವೂ ಅಳೆದಿದ್ವಲ್ಲ.

ಮೂರನೇ ದಿನ ಸಂಜೆ ತಾತನನ್ನ ಕರೆದು ಕೂರಿಸಿದ್ವಿ. ಕತೆ ನಡೆಸಿದ್ದು ಮೊಮ್ಮಗ. ತುಂಗಭದ್ರೆ ತುಂಬಿ ಹರೀತಿದೆ, ಕೆಂಚನಗುಡ್ಡದ ಹತ್ರ ಒಂದು ಹರಿಗೋಲು ಸಿಕ್ಕಿಹಾಕಿಕೊಂಡಿದೆ, ಅದರಲ್ಲಿ ಏನೋ ಇದೆ. ತಾತನ ದಾಳ: ತಾಕತ್ತು 7, ಚುರುಕು 9, ಛಲ 15. ಮೊಮ್ಮಗ ಗಂಟಲು ಸರಿ ಮಾಡ್ಕೊಂಡು ಕೇಳಿದ, “ತಾವು ಯಾರು? ಬಂದ ಕಾರಣ ಏನು?”

ತಾತ ಕಣ್ಣು ಮುಚ್ಚಿದ್ರು. ಆಮೇಲೆ ಆ ದನಿ ಬಂತು ನೋಡಿ. ಒಳಗಿದ್ದ ಅಮ್ಮ ಸೌಟು ಹಿಡ್ಕೊಂಡೇ ಹೊರಗೆ ಬಂದ್ರು. ಪಕ್ಕದ ಮನೆಯವರು ಇಣುಕಿದ್ರು. ಹತ್ತು ನಿಮಿಷ ಅವರು ದೇಶ ಹೇಳಿದ್ರು, ಬಿರುದು ಹೇಳಿದ್ರು, ಗೆದ್ದ ಯುದ್ಧ ಹೇಳಿದ್ರು. ಮೊಮ್ಮಗ ಕೊನೆಗೆ ಮೆಲ್ಲಗೆ, “ತಾತ, ಚೀಲದಾಗ ಏನೈತಿ?” ಅಂದ. ಸಿಂಬಿ, ಹಗ್ಗ, ಕುಡುಗೋಲು, ಎರಡು ಹೊತ್ತಿನ ರೊಟ್ಟಿ, ಕಂಬಳಿ, ಎಲೆ ಅಡಿಕೆ ಚೀಲ. “ಮತ್ತ ಕಿರೀಟ,” ಅಂದ್ರು. ಕಿರೀಟಕ್ಕೆ ಎಷ್ಟು ಜಾಗ ಅಂತ ನಮ್ಮಲ್ಲಿ ವಾದ ಆಯ್ತು. ತಲೆ ಮೇಲೆ ಕಿರೀಟ ಇದ್ರೆ ಸಿಂಬಿ ಕೂರಲ್ಲ ಅಂತ ಮೊಮ್ಮಗ ಹಟ ಹಿಡಿದ. ತಾತ ಸ್ವಲ್ಪ ಯೋಚನೆ ಮಾಡಿ, ಕಿರೀಟವನ್ನ ಬೆನ್ನಿನ ಗಂಟಿಗೆ ಹಾಕಿದ್ರು. ಹೊಳೆ ದಾಟೋವಾಗ ಸಿಂಬಿ ಬೇಕು, ಆ ಕಡೆ ದಂಡೆಗೆ ಹೋದ ಮೇಲೆ ಹಾಕ್ಕೊಂತೀನಿ ಅಂದ್ರು.

ಈಗ ಕಾಲೇಜಿನ ವಿಷಯ. ನಮ್ಮ ಫೆಸ್ಟ್‌ನಲ್ಲಿ ಬೋರ್ಡ್ ಗೇಮ್ ಕೋಣೆ ಅಂತ ಒಂದಿರುತ್ತೆ. ಅದರ ನೋಂದಣಿ ಫಾರ್ಮಲ್ಲಿ ಹೆಸರಾದ ಮೇಲೆ ಬರೋ ಖಾನೆ ‘ಬ್ರಾಂಚ್’. ಟೀಮ್ ಮಾಡೋದೂ ಅದರ ಪ್ರಕಾರವೇ: ಸಿಎಸ್ ಒಂದು ಕಡೆ, ಮೆಕ್ ಒಂದು ಕಡೆ, ಸಿವಿಲ್‌ನವರು ಬಂದ್ರೆ ಅವರ ಪುಣ್ಯ. ಸಿಎಸ್‌ನವನಿಗೆ ಪಜಲ್ ಕೊಡಿ, ಮೆಕ್‌ನವನು ಟೇಬಲ್ ಎತ್ತಲಿ. ತಮಾಷೆಗೇ ಅನ್ನೋದು ನಿಜ, ನಾವೂ ಅಂದಿದ್ದೀವಿ. ಸಿಇಟಿ ರ‍್ಯಾಂಕ್ ಬಂದ ದಿನ ಸಿಕ್ಕ ಸೀಟು ನಾಲ್ಕು ವರ್ಷದ ಕ್ಲಾಸ್ ಆಗಿ ಹಣೆಗೆ ಅಂಟಿದೆ. ಆ ಕೋಣೆಯ ಫಾರ್ಮಿಂದಾದ್ರೂ ಅದನ್ನ ತೆಗೀರಿ ಅನ್ನೋದು ಕನ್ನಡ ಸಂಘಕ್ಕೆ ನಮ್ಮ ಬೇಡಿಕೆ. ಜಾಗ ಖಾಲಿ ಬಿಡೋದು ಬೇಡ, ‘ನಿಮಗೆ ಬರೋ ಒಂದು ಕೆಲಸ’ ಅಂತ ಬರೀರಿ. ಸೈಕಲ್ ಪಂಕ್ಚರ್ ಹಾಕೋದು, ರೊಟ್ಟಿ ಬಡಿಯೋದು, ತೆಲುಗಲ್ಲಿ ಚೌಕಾಸಿ ಮಾಡೋದು, ಏನಾದ್ರೂ ಸರಿ.

ಡಿ ಅಂಡ್ ಡಿ ಆಡೋ ಸೀನಿಯರ್ಸ್‌ಗೆ ಸಿಟ್ಟು ಬರಬಹುದು. ನಿಮ್ಮ ಹದಿಮೂರನೇ ಲೆವೆಲ್ ವಿಝಾರ್ಡ್‌ನ ಯಾರೂ ಕಿತ್ಕೊಳ್ತಿಲ್ಲ, ಆರಾಮಾಗಿ ಆಡಿ. ವರ್ಷಗಟ್ಟಲೆ ಒಂದೇ ಗುಂಪು ಆಡೋದಾದ್ರೆ ಕ್ಲಾಸ್‌ಗಳ ಸುಖ ಬೇರೆ, ನಾವೇ ಬೆಂಗಳೂರಿಗೆ ಹೋದಾಗ ಆಡ್ತೀವಿ. ಹೊಸಬರನ್ನ ಕೂರಿಸೋ ಮೊದಲ ಸಂಜೆಗೆ ಮಾತ್ರ ಅದನ್ನ ತರಬೇಡಿ. ಹಾಗೆಯೇ ನಮ್ಮ ದಾಳದಲ್ಲೂ ಒಂದು ತಕರಾರಿದೆ, ಅದನ್ನ ಸಿರುಗುಪ್ಪದವನೇ ಎತ್ತಿದ್ದು: ಮೂರು ದಾಳ ಹಾಕಿ 7 ಬಂದ್ರೆ ಅದೂ ಹುಟ್ಟಿನ ಹಣೆಬರಹವೇ ಅಲ್ವಾ? ಹೌದು. 18 ಬೀಳೋದು 216ಕ್ಕೆ ಒಂದು ಸಲ. ನಮ್ಮ ಹತ್ರ ಇರೋ ಸಮಾಧಾನ ಇಷ್ಟೇ, ಕೇರ್ನ್‌ನಲ್ಲಿ ಆ ಅಂಕ ಯಾವ ಬಾಗಿಲನ್ನೂ ಮುಚ್ಚಲ್ಲ. ತಾಕತ್ತು 7 ಇರೋನೂ ಕತ್ತಿ ಹಿಡೀಬಹುದು. ಅದೂ ಅಲ್ಲದೆ, ಬುದ್ಧಿವಂತಿಕೆಯಿಂದ ಅಪಾಯವನ್ನೇ ತಪ್ಪಿಸಿದ್ರೆ ದಾಳ ಹಾಕೋ ಪ್ರಮೇಯವೇ ಬರಲ್ಲ. ತಾತ ಇಡೀ ಸಂಜೆ ಎರಡೇ ಸಲ ಚೀಟಿ ಎತ್ತಿದ್ದು.

ಕನ್ನಡ ಹಾಳೆ ರೆಡಿ ಇದೆ. ಮೊದಲ ಸಾಲು ಹೆಸರು, ಎರಡನೇ ಸಾಲು ‘ತಾವು ಯಾರು, ಬಂದ ಕಾರಣ ಏನು’, ಅದಕ್ಕೆ ಆರು ಗೆರೆ ಜಾಗ ಬಿಟ್ಟಿದ್ದೀವಿ, ಸಾಲದಿದ್ರೆ ಹಿಂದೆ ಬರೀರಿ. ಅದರ ಕೆಳಗೆ ತಲೆ, ಬೆನ್ನು, ಸೊಂಟ, ಕೈ. ಪರೀಕ್ಷೆ ಮುಗಿದ ಮೊದಲ ಶನಿವಾರ ಸಂಜೆ ಐದಕ್ಕೆ ಹಾಸ್ಟೆಲ್ ಮೆಸ್‌ನ ಹಿಂದಿನ ಟೇಬಲ್‌ಗೆ ಬನ್ನಿ. ಪೆನ್ಸಿಲ್ ತನ್ನಿ, ಚೊಂಬು ನಮ್ಮದು. ಒಗ್ಗರಣಿ ಮಿರ್ಚಿಗೆ ತಲಾ ಮೂವತ್ತು ರೂಪಾಯಿ. ಸಾರಥಿ ಸಿರುಗುಪ್ಪದವನೇ. ಹರಿಗೋಲು ಇನ್ನೂ ನಡುಹೊಳೆಯಲ್ಲಿದೆ, ಅದರಲ್ಲಿ ತಾತನ ಪಾತ್ರ ಕೂತಿದೆ, ಕಿರೀಟ ಗಂಟಿನಲ್ಲಿದೆ. ಪ್ರತಿ ಭಾನುವಾರ ಫೋನ್ ಮಾಡಿ, ಆ ಕಡೆ ದಂಡೆ ಮುಟ್ಟಿದ್ವೇನು ಅಂತ ಕೇಳ್ತಿದ್ದಾರೆ.